ಚಾಸಿಸ್ ಮುರಿದರೆ ಹೊಣೆ ಯಾರದು?

ಬೆನ್ನ ಮೇಲೆ ಪುಟ್ಟದೊಂದು ಮನೆಯನ್ನು ಹೊತ್ತ ಪಿಕಪ್ ವಾಹನವು ಚಾಲಕನ ಕೋಣೆಗೂ ಹಿಂಬದಿಯ ತೊಟ್ಟಿಗೂ ನಡುವಣ ಸಂದಿನಲ್ಲಿ ಸೊಂಟ ಮುರಿದುಕೊಂಡು ರಸ್ತೆಯಂಚಿನಲ್ಲಿ ನಿಂತಿರುವ ಚಿತ್ರಗಳನ್ನು ನಮ್ಮ ವಾಚಕರಲ್ಲಿ ಹಲವರು ಈಚಿನ ವರ್ಷಗಳಲ್ಲಿ ಕಂಡಿರಬಹುದು. ಉತ್ತರ ಅಮೇರಿಕದ ಹೆದ್ದಾರಿಗಳಿಂದ ಬಂದ ಚಿತ್ರಗಳವು. ಚಕ್ರಗಳು ನೆಟ್ಟಗಿವೆ, ಎಂಜಿನಿಗೆ ಏನೂ ಆಗಿಲ್ಲ, ಬೇರೆ ವಾಹನಕ್ಕೆ ಡಿಕ್ಕಿ ಹೊಡೆದ ಗುರುತೂ ಇಲ್ಲ. ಆದರೂ ಗಾಡಿಯ ಬೆನ್ನೆಲುಬೇ ಬಾಗಿಹೋಗಿದೆ. ಇಂಥ ಚಿತ್ರ ಬಂದೊಡನೆ ಕೇಳಿಬರುವ ತೀರ್ಪು ಒಂದೇ: ಒಡೆಯನು ದುರಾಶೆಯಿಂದ ಮಿತಿಮೀರಿ ಹೇರಿದನು, ಮಾಡಿದ್ದನ್ನು ಉಂಡನು. ಈ ತೀರ್ಪನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. ಉಳಿದ ಅರ್ಧದ ವಿಚಾರವಾಗಿ ನಾಲ್ಕು ಮಾತು ಬರೆಯುವುದು ಅಗತ್ಯವೆಂದು ನಮಗೆ ತೋರಿದೆ.

ದೂರದೇಶದ ವಿಹಾರಪ್ರಿಯರ ಗಾಡಿ ಮುರಿದರೆ ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿರುವ ಕನ್ನಡಿಗರಿಗೇನು ಎಂದು ಕೇಳುವವರಿರಬಹುದು. ಮಕ್ಕಳು ಅಮೇರಿಕದಲ್ಲಿ ನೆಲೆಸಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅಂಥ ಗಾಡಿಯಲ್ಲಿ ಮೊಮ್ಮಕ್ಕಳೊಡನೆ ವಾರಗಟ್ಟಲೆ ಸುತ್ತಿ ಬಂದ ಅಜ್ಜ ಅಜ್ಜಿಯರೂ ಇದ್ದಾರೆ. ಆದರೆ ಅದಕ್ಕಿಂತ ಹತ್ತಿರದ ಕಾರಣವೊಂದಿದೆ. ನಮ್ಮ ತರುಣರಲ್ಲಿ ಎಷ್ಟೋ ಮಂದಿ ಸಾಲ ಮಾಡಿ ಪಿಕಪ್ ಕೊಂಡು, ಅದರ ಮೇಲೆ ಸಂಚಾರಿ ಕ್ಯಾಂಟೀನನ್ನೋ ನೀರಿನ ಟಾಂಕಿಯನ್ನೋ ಕಟ್ಟಿಸಿ ಜೀವನ ಸಾಗಿಸುತ್ತಿದ್ದಾರೆ. ಅಲ್ಲಿ ವಿಹಾರದ ಗಾಡಿಗೆ ಆದದ್ದು ಇಲ್ಲಿ ಅನ್ನದ ಗಾಡಿಗೆ ಆಗಲಾರದೆಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಮೊದಲು ಅಲ್ಲಿನ ಸಂಗತಿಯನ್ನು ನೋಡೋಣ.

ಟ್ರಕ್ ಕ್ಯಾಂಪರ್ ಎಂದು ಅಲ್ಲಿಯವರು ಕರೆಯುವುದು ಪಿಕಪ್ಪಿನ ತೊಟ್ಟಿಯೊಳಕ್ಕೆ ಜಾರಿಸಿ ಕೂರಿಸುವ ಕೋಣೆಯನ್ನು. ಅದರಲ್ಲಿ ಹಾಸಿಗೆ, ಒಲೆ, ಶೀತಪೆಟ್ಟಿಗೆ, ಸ್ನಾನದ ಮನೆ, ಶೌಚದ ತೊಟ್ಟಿ, ನೀರಿನ ಟಾಂಕಿ, ಅಡಿಗೆ ಅನಿಲದ ಸಿಲಿಂಡರು, ಬ್ಯಾಟರಿ ಎಲ್ಲವೂ ಇರುತ್ತವೆ. ಹಾಸಿಗೆಯ ಭಾಗ ಚಾಲಕನ ತಲೆಯ ಮೇಲಕ್ಕೆ ಚಾಚಿಕೊಂಡರೆ, ಹಿಂಭಾಗವು ತೊಟ್ಟಿಯನ್ನು ದಾಟಿ ಹೊರಕ್ಕೆ ನಿಲ್ಲುತ್ತದೆ. ತಂಗಿದ ಕಡೆ ಗೋಡೆಯನ್ನೇ ಪೆಟ್ಟಿಗೆಯಂತೆ ಹೊರಕ್ಕೆಳೆದು ಕೋಣೆಯನ್ನು ಅಗಲಿಸುವ ಏರ್ಪಾಡೂ ದೊಡ್ಡ ಕ್ಯಾಂಪರುಗಳಲ್ಲಿದೆ. ಇಂಥ ಭಾರಿ ಮಾದರಿಗಳು ಖಾಲಿ ಇರುವಾಗಲೇ 2,000 ಕಿಲೋ ಮೀರುತ್ತವೆ. ಅವನ್ನು ಹೊರಲು ಹಿಂದಿನ ಅಚ್ಚಿಗೆ ನಾಲ್ಕು ಚಕ್ರಗಳಿರುವ ಪಿಕಪ್ಪೇ ಬೇಕು. ಎಷ್ಟೋ ಸಲ ಅದೂ ಸಾಲದು.

ಪ್ರತಿಯೊಂದು ವಾಹನದ ಬಾಗಿಲ ಚೌಕಟ್ಟಿಗೂ ಅದರ ಭಾರದ ಮಿತಿಯನ್ನು ಬರೆದ ಚೀಟಿಯನ್ನು ತಯಾರಕರು ಅಂಟಿಸಿರುತ್ತಾರೆ. ಜನರೂ ಸಾಮಾನೂ ಕೂಡಿ ಇಷ್ಟು ಕಿಲೋಗಳನ್ನು ಎಂದಿಗೂ ಮೀರಕೂಡದು ಎಂಬ ಒಕ್ಕಣೆ ಸಾಧಾರಣ ಪಿಕಪ್ಪುಗಳ ಚೀಟಿಯಲ್ಲಿರುತ್ತದೆ. ಜಾಹೀರಾತಿನಲ್ಲಿ ಮೆರೆಯುವ ಅಂಕಿ ಬೇರೆ, ಈ ಚೀಟಿಯ ಅಂಕಿ ಬೇರೆ. ಜಾಹೀರಾತಿನ ಭಾರವು ಯಾವ ಅಲಂಕಾರವೂ ಇಲ್ಲದ ಅಗ್ಗದ ಮಾದರಿಗೆ ಸಂಬಂಧಿಸಿದ್ದು. ಗಿರಾಕಿಯಾದರೋ ನಾಲ್ಕು ಬಾಗಿಲು, ಡೀಸೆಲ್ ಎಂಜಿನು, ನಾಲ್ಕೂ ಚಕ್ರಗಳ ಚಾಲನೆ, ತೊಗಲಿನ ಆಸನ ಎಂದು ಒಂದೊಂದನ್ನೇ ಸೇರಿಸಿಕೊಂಡು ಹೋಗುತ್ತಾನೆ. ಸೇರಿದ ಪ್ರತಿಯೊಂದು ಕಿಲೋವೂ ಹೊರುವ ಶಕ್ತಿಯಿಂದ ಕಳೆಯುತ್ತದೆ. ಇದಲ್ಲದೆ ಎಳೆಯುವ ಶಕ್ತಿಗೂ ಹೊರುವ ಶಕ್ತಿಗೂ ಇರುವ ಅಂತರವನ್ನು ಮಾರಾಟಗಾರರು ಬಿಡಿಸಿ ಹೇಳುವುದು ಅಪರೂಪ. ಹತ್ತು ಟನ್ ಎಳೆಯಬಲ್ಲ ಗಾಡಿ ಎರಡು ಟನ್ ಹೊರಲಾರದೇ ಎಂದು ಗಿರಾಕಿ ತನ್ನಷ್ಟಕ್ಕೆ ತರ್ಕಿಸಿಕೊಳ್ಳುತ್ತಾನೆ. ಎತ್ತು ಎಳೆಯುವ ಭಾರವನ್ನು ಎತ್ತಿನ ಬೆನ್ನಿಗೆ ಹೇರಿದರೆ ಏನಾದೀತೆಂಬುದು ನಮ್ಮ ಹಳ್ಳಿಯ ಹುಡುಗನಿಗೂ ಗೊತ್ತು.

ಒಂದು ಲೆಕ್ಕವನ್ನು ಉದಾಹರಣೆಗಾಗಿ ನೋಡಬಹುದು. ಬಾಗಿಲ ಚೀಟಿ 1,300 ಕಿಲೋ ಎನ್ನುತ್ತದೆಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ಕಂಡ ಕ್ಯಾಂಪರಿನ ಖಾಲಿ ತೂಕ 1,100 ಕಿಲೋ. ಇನ್ನೂ 200 ಕಿಲೋ ಉಳಿಯಿತಲ್ಲ ಎಂದು ಮನೆಯ ಯಜಮಾನನಿಗೆ ಧೈರ್ಯ. ಟಾಂಕಿಗೆ 150 ಲೀಟರ್ ನೀರು ತುಂಬಿದರೆ 150 ಕಿಲೋ. ಅನಿಲದ ಸಿಲಿಂಡರು, ಹೆಚ್ಚಿನ ಬ್ಯಾಟರಿ, ಹವಾನಿಯಂತ್ರಕ, ಬಿಸಿಲು ತಡೆಯುವ ಮಡಿಸುಚಪ್ಪರ ಕೂಡಿ 120. ಗಂಡ ಹೆಂಡತಿ, ಇಬ್ಬರು ಬೆಳೆದ ಮಕ್ಕಳು, 250. ಬಟ್ಟೆಬರೆ, ಪಾತ್ರೆ, ದಿನಸಿ, ಕುರ್ಚಿ, ಸೈಕಲ್ಲು ಎಲ್ಲ ಸೇರಿ 130. ಮೊತ್ತ 1,750 ಕಿಲೋ. ಇಲ್ಲಿ ದುರಾಶೆ ಎಲ್ಲಿದೆ? ನೀರು ಕುಡಿಯುವುದೂ ಮಕ್ಕಳನ್ನು ಕರೆದೊಯ್ಯುವುದೂ ದುರಾಶೆಯೇ? ಆದರೂ ಗಾಡಿ ಮನೆಯಂಗಳ ಬಿಡುವಾಗಲೇ 450 ಕಿಲೋ ಮಿತಿ ಮೀರಿದೆ.

ತೂಕಕ್ಕಿಂತ ಸೂಕ್ಷ್ಮವಾದದ್ದು ತೂಕ ಕೂರುವ ಜಾಗ. ಎತ್ತಿನಗಾಡಿ ಹೂಡಿದವರಿಗೆ ಮುಂಭಾರ ಹಿಂಭಾರಗಳ ಮರ್ಮವನ್ನು ಹೇಳಿಕೊಡಬೇಕಾಗಿಲ್ಲ. ಹುಲ್ಲನ್ನು ಹಿಂದಕ್ಕೆ ಹೆಚ್ಚು ಹೇರಿದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕೊರಳನ್ನು ಒತ್ತುತ್ತದೆ. ಗಾಡಿ ಹೊಡೆಯುವವನು ಕೂಡಲೇ ಇಳಿದು ಹೊರೆಯನ್ನು ಮುಂದಕ್ಕೆ ಸರಿಸುತ್ತಾನೆ. ಪಿಕಪ್ಪಿನಲ್ಲಿ ಎತ್ತಿನ ಜಾಗದಲ್ಲಿರುವುದು ಎಂಜಿನು. ಅದರ ತೂಕ ಮೂತಿಯನ್ನು ಕೆಳಕ್ಕೆ ಹಿಡಿಯುತ್ತದೆ, ಹಿಂಬದಿಯ ಮನೆ ಬಾಲವನ್ನು ಕೆಳಕ್ಕೆ ಜಗ್ಗುತ್ತದೆ, ನಡುವೆ ಹಿಂದಿನ ಅಚ್ಚು ಮೇಲಕ್ಕೊತ್ತುತ್ತದೆ. ಎತ್ತಿಗಾದರೆ ಉಸಿರು ಕಟ್ಟುತ್ತದೆ, ಅದು ತಿಳಿಸುತ್ತದೆ. ಎಂಜಿನು ಏನನ್ನೂ ತಿಳಿಸದು. ಆ ಜಗ್ಗಾಟವನ್ನೆಲ್ಲ ಮೌನವಾಗಿ ತಡೆಯುವುದು ಗಾಡಿಯ ಉದ್ದಕ್ಕೂ ಹಾಸಿದ ಎರಡು ಉಕ್ಕಿನ ತೊಲೆಗಳು. ಏಣಿಯಂತೆ ಅಡ್ಡಪಟ್ಟಿಗಳಿಂದ ಬೆಸೆದ ಈ ಚೌಕಟ್ಟೇ ಚಾಸಿಸ್. ಚಾಲಕನ ಕೋಣೆ, ತೊಟ್ಟಿ ಎರಡೂ ಅದರ ಮೇಲೆ ಬಿಡಿಬಿಡಿಯಾಗಿ ಕುಳಿತಿರುವುದರಿಂದ ಎರಡರ ನಡುವಣ ಸಂದಿನಲ್ಲಿ ತೊಲೆಗೆ ಮೇಲಿನಿಂದ ಯಾವ ಆಸರೆಯೂ ಇಲ್ಲ. ಚಿತ್ರಗಳಲ್ಲಿ ಬಾಗಿದ ಜಾಗ ಅದೇ ಆಗಿರುವುದು ಆಕಸ್ಮಿಕವಲ್ಲ.

ಭಾರವು ಅಚ್ಚಿನಿಂದ ಹಿಂದಕ್ಕೆ ಸರಿದಷ್ಟೂ ಅದರ ಬಲ ಬೆಳೆಯುತ್ತದೆ. ಅಚ್ಚಿನಿಂದ ಎರಡು ಮೀಟರ್ ಹಿಂದೆ ನೇತಾಡುವ 200 ಕಿಲೋ, ಅರ್ಧ ಮೀಟರ್ ಹಿಂದಿರುವ 800 ಕಿಲೋದಷ್ಟೇ ತೊಲೆಯನ್ನು ಬಗ್ಗಿಸುತ್ತದೆ. ಇದನ್ನರಿಯದೆ, ಮನೆ ಹೊತ್ತದ್ದು ಸಾಲದೆಂದು ಅದರ ಹಿಂದೆ ಉದ್ದನೆಯ ಕೊಂಡಿ ಸಿಕ್ಕಿಸಿ ದೋಣಿಯ ಟ್ರೇಲರನ್ನೋ ಕಾರನ್ನೋ ಎಳೆಯುವವರುಂಟು.

ಗಾಡಿಯ ಹಿಂಭಾಗ ಕುಸಿದದ್ದು ಕಣ್ಣಿಗೆ ಬಿದ್ದಾಗ ಒಡೆಯನು ಸುಮ್ಮನಿರುತ್ತಾನೆಯೇ? ಇಲ್ಲ. ಅಚ್ಚಿನ ಮೇಲೆ ಗಾಳಿಚೀಲಗಳನ್ನು ಹಾಕಿಸುತ್ತಾನೆ. ಗಾಳಿ ತುಂಬಿದೊಡನೆ ಬಾಲ ಮೇಲೆದ್ದು ಗಾಡಿ ಸಮತಟ್ಟಾಗಿ ನಿಲ್ಲುತ್ತದೆ, ಒಡೆಯನಿಗೆ ಸಮಾಧಾನವಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯಂತ ಅಪಾಯಕರವಾದ ಘಟ್ಟ ಇದು. ಕಮಾನುಪಟ್ಟಿಯು ಚೌಕಟ್ಟನ್ನು ಎರಡು ಕಡೆಗಳಲ್ಲಿ, ಅಚ್ಚಿನ ಮುಂದೊಂದು ಹಿಂದೊಂದು, ಹಿಡಿದಿರುತ್ತದೆ. ಹೊರೆ ಎರಡಕ್ಕೂ ಹಂಚಿಹೋಗುತ್ತದೆ. ಗಾಳಿಚೀಲವಾದರೋ ನಡುವೆ ಒಂದೇ ಬಿಂದುವಿನಲ್ಲಿ ತೊಲೆಯನ್ನು ಕೆಳಗಿನಿಂದ ಒತ್ತುತ್ತದೆ. ಕಬ್ಬಿನ ಜಲ್ಲೆಯನ್ನು ಎರಡೂ ತುದಿಯಲ್ಲಿ ಹಿಡಿದು ನಡುವೆ ಮೊಣಕಾಲು ಕೊಟ್ಟಂತೆ. ಚೀಲ ಹಾಕಿಸಿದ ಮಾತ್ರಕ್ಕೆ ಬಾಗಿಲ ಚೀಟಿಯ ಅಂಕಿ ಒಂದು ಕಿಲೋವೂ ಏರುವುದಿಲ್ಲ. ಏರುವುದು ಒಡೆಯನ ಧೈರ್ಯ ಮಾತ್ರ. ಕುಸಿದ ಬಾಲವು ಗಾಡಿಯು ಕೊಡುತ್ತಿದ್ದ ಒಂದೇ ಒಂದು ಎಚ್ಚರಿಕೆಯಾಗಿತ್ತು. ಅದನ್ನೂ ಅಡಗಿಸಿದಂತಾಯಿತು.

ಉಕ್ಕು ಒಂದೇ ಏಟಿಗೆ ಸೋಲುವುದು ವಿರಳ. ಕೆಟ್ಟ ರಸ್ತೆಯಲ್ಲಿ ಗಾಡಿ ಗುಂಡಿಗಿಳಿದು ಏಳುವಾಗ ಹೊರೆಯು ನಿಂತ ತೂಕಕ್ಕಿಂತ ಎಷ್ಟೋ ಹೆಚ್ಚಿನ ಬಲದಿಂದ ಬಡಿಯುತ್ತದೆ. ಹೀಗೆ ಸಾವಿರ ಸಲ, ಲಕ್ಷ ಸಲ ಬಗ್ಗಿ ನೆಟ್ಟಗಾದ ತೊಲೆಯಲ್ಲಿ, ಕೊರೆದ ತೂತಿನ ಅಂಚಿನಲ್ಲೋ ವೆಲ್ಡಿಂಗಿನ ಪಕ್ಕದಲ್ಲೋ, ಕೂದಲಿನಷ್ಟು ಬಿರುಕು ಹುಟ್ಟುತ್ತದೆ. ತೊಲೆಯ ಮೇಲಂಚು ಕೆಳಅಂಚುಗಳನ್ನು ಕೊರೆಯಬೇಡಿ, ಹೇಳಿದ ಜಾಗದ ಹೊರತು ಬೆಸುಗೆ ಹಾಕಬೇಡಿ ಎಂದು ತಯಾರಕರು ಬಾಡಿ ಕಟ್ಟುವವರಿಗೆ ಕೊಡುವ ಸೂಚನೆಗಳ ಹಿಂದೆ ಇದೇ ಅನುಭವವಿದೆ. ಸಾಮಾನು ಸಾಗಿಸುವ ಗಾಡಿ ಹೋಗುವಾಗ ತುಂಬಿದ್ದರೆ ಬರುವಾಗ ಖಾಲಿ ಇರುತ್ತದೆ, ರಾತ್ರಿ ಬರಿದಾಗಿ ನಿಲ್ಲುತ್ತದೆ. ಬೆನ್ನ ಮೇಲೆ ಮನೆಯನ್ನೋ ಕ್ಯಾಂಟೀನನ್ನೋ ಹೊತ್ತ ಗಾಡಿಗೆ ಆ ಬಿಡುವೂ ಇಲ್ಲ.

ಹಾಗಾದರೆ ಕಾನೂನು ಏನು ಮಾಡುತ್ತಿದೆ? ಅಮೇರಿಕದ ಸರಕಾರ ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತಿಲ್ಲವೆಂಬುದನ್ನು ಒಪ್ಪಲೇಬೇಕು. ಪಿಕಪ್ಪಿನ ಮೇಲೆ ಕ್ಯಾಂಪರ್ ಹೇರುವ ಸಂಬಂಧವಾಗಿಯೇ 1970ರ ದಶಕದಿಂದ ಅಲ್ಲಿ ಪ್ರತ್ಯೇಕ ನಿಯಮವಿದೆ. ಕ್ಯಾಂಪರ್ ತಯಾರಕನು ಅದರ ತೂಕವನ್ನು ಬರೆದು ಅಂಟಿಸಬೇಕು. ಪಿಕಪ್ ತಯಾರಕನು ಎಷ್ಟು ಹೇರಬಹುದೆಂಬುದನ್ನೂ, ಹೊರೆಯ ಗುರುತ್ವಕೇಂದ್ರ ಎಲ್ಲಿಂದ ಎಲ್ಲಿಯವರೆಗೆ ಇರಬೇಕೆಂಬುದನ್ನೂ ತಿಳಿಸಬೇಕು. ಆದರೆ ಕ್ಯಾಂಪರಿನ ಮೇಲಿನ ತೂಕ ಮೂಲ ಸಲಕರಣೆಗಳೊಂದಿಗೆ ಲೆಕ್ಕ ಹಾಕಿದ್ದು. ಗಿರಾಕಿ ಆಮೇಲೆ ಸೇರಿಸಿದ್ದು ಅದರಲ್ಲಿಲ್ಲ. ಎರಡು ಚೀಟಿಗಳು ಎರಡು ಅಂಗಡಿಗಳಲ್ಲಿವೆ. ಪಿಕಪ್ ಮಾರಿದವನು ಕ್ಯಾಂಪರನ್ನು ನೋಡಿಲ್ಲ. ಕ್ಯಾಂಪರ್ ಮಾರಿದವನು ಪಿಕಪ್ಪಿನ ಬಾಗಿಲು ತೆರೆದು ನೋಡುವ ತೊಂದರೆ ತೆಗೆದುಕೊಳ್ಳುವುದಿಲ್ಲ, ಅಥವಾ ನೋಡಿಯೂ ಬಾಯಿ ಬಿಡುವುದಿಲ್ಲ. ಎರಡೂ ಅಂಕಿಗಳನ್ನು ಒಂದೆಡೆ ತಂದು ಕೂಡಿಸಿ ಕಳೆಯುವ ಕೆಲಸ, ಈ ಮೂವರಲ್ಲಿ ಅತ್ಯಂತ ಕಡಿಮೆ ತಿಳಿದವನಾದ ಗಿರಾಕಿಯ ಪಾಲಿಗೆ ಬರುತ್ತದೆ. ಚಾಸಿಸ್ ಮುರಿದ ದಿನ ಮಾತ್ರ ಎಲ್ಲರೂ ಬಾಗಿಲ ಚೀಟಿಯತ್ತ ಬೆರಳು ತೋರಿಸುತ್ತಾರೆ. ಮಿತಿ ಮೀರಿದ ಭಾರವೆಂದು ವಾರಂಟಿಯೂ ಸಿಕ್ಕದೆ ಹೋಗಬಹುದು.

ತಯಾರಕರು ಸದಾ ನಿರಪರಾಧಿಗಳೆಂದೇನೂ ಅಲ್ಲ. ಟೊಯೋಟಾ ಕಂಪೆನಿಯ ಟಕೋಮಾ ಮುಂತಾದ ವಾಹನಗಳ ಚೌಕಟ್ಟುಗಳು ಅಕಾಲದಲ್ಲಿ ತುಕ್ಕು ಹಿಡಿಯುತ್ತಿವೆಯೆಂದು ಒಡೆಯರು ನ್ಯಾಯಾಲಯಕ್ಕೆ ಹೋದಾಗ, 2016ರ ನವೆಂಬರಿನಲ್ಲಿ ಆ ಕಂಪೆನಿಯು, ತಪ್ಪನ್ನು ಒಪ್ಪಿಕೊಳ್ಳದೆಯೇ, ಸುಮಾರು 15 ಲಕ್ಷ ವಾಹನಗಳಿಗೆ ಸಂಬಂಧಿಸಿ 340 ಕೋಟಿ ಡಾಲರುಗಳವರೆಗಿನ ರಾಜಿಗೆ ಸಿದ್ಧವಾಯಿತು. ಅಲ್ಲಿ ಒಡೆಯರು ಸಾವಿರಾರು ಮಂದಿ ಒಟ್ಟಾಗಿದ್ದರು. ಕ್ಯಾಂಪರ್ ಹೊತ್ತು ನಡು ಮುರಿದ ಗಾಡಿಯ ಒಡೆಯನು ಬಹುಮಟ್ಟಿಗೆ ಒಬ್ಬಂಟಿ, ಅವನ ಕೈಯಲ್ಲಿ ತೂಕದ ಚೀಟಿಯೂ ಇರುವುದಿಲ್ಲ.

ಇನ್ನು ನಮ್ಮ ಬೀದಿಗೆ ಬರೋಣ. ಬೆಳಗಿನ ಜಾವ ವಾಶಿಯ ಮಾರುಕಟ್ಟೆಯ ಹೊರಗೆ ನಿಂತರೆ, ಬಾಲ ನೆಲಕ್ಕೆ ಇಳಿದು ಮೂತಿ ಆಕಾಶ ನೋಡುವ ಪುಟ್ಟ ಗಾಡಿಗಳನ್ನು ಎಣಿಸಬಹುದು. ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾದರೆ ಸ್ಟಿಯರಿಂಗ್ ಹಿಡಿತಕ್ಕೆ ಸಿಕ್ಕದು, ಬ್ರೇಕು ನೆಚ್ಚಲಾಗದು. ಆದರೂ ತರಕಾರಿಯ ಗಾಡಿ ಸಂಜೆಗೆ ಖಾಲಿಯಾಗುತ್ತದೆ. ಕ್ಯಾಂಟೀನ್ ಗಾಡಿಯ ಸಂಗತಿ ಹಾಗಲ್ಲ. 2005ರಲ್ಲಿ ಟಾಟಾ ಏಸ್ ಬಂದಾಗ ಅದರ ಹೊರೆ 750 ಕಿಲೋ ಎಂದು ಗೊತ್ತುಮಾಡಿದ್ದರು. ಅಂಥ ಪುಟ್ಟ ಗಾಡಿಯ ಮೇಲೆ ಕಬ್ಬಿಣದ ಚೌಕಟ್ಟಿನ ಬಾಡಿ, ಸ್ಟೀಲಿನ ಕಟ್ಟೆ, ದಪ್ಪನೆಯ ದೋಸೆ ಕಾವಲಿ, ರುಬ್ಬುವ ಕಲ್ಲು, ಎರಡು ದೊಡ್ಡ ಸಿಲಿಂಡರು, 200 ಲೀಟರಿನ ನೀರಿನ ಪೀಪಾಯಿ, ಫ್ರಿಜ್ಜು, ಜನರೇಟರು, ಹಿಟ್ಟಿನ ಡಬ್ಬಗಳು, ಜತೆಗೆ ಅಡಿಗೆಯವನು, ಮಾಣಿ, ಚಾಲಕ. ಇವನ್ನೆಲ್ಲ ಕೂಡಿಸಿ ನೋಡಿದವರು ಎಷ್ಟು ಮಂದಿ? ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ಉದ್ದ, ಅಗಲ, ಬಣ್ಣ, ಫಲಕದ ಅಕ್ಷರ, ದೇವರ ಚಿತ್ರ ಎಲ್ಲದರ ಚರ್ಚೆಯೂ ನಡೆಯುತ್ತದೆ. ತೂಕದ ಮಾತು ಬರುವುದಿಲ್ಲ. ನೀರಿನ ಪೀಪಾಯಿಯನ್ನು ಜಾಗ ಸಿಕ್ಕಿತೆಂದು ಹಿಂಬಾಗಿಲಿನ ಬಳಿ ಕೂರಿಸುತ್ತಾರೆ. ಬಾಡಿಯನ್ನು ಬಿಗಿಯಲು ಚಾಸಿಸ್ಸಿಗೆ ತೂತು ಕೊರೆಯುತ್ತಾರೆ. ಹಿಂಭಾಗ ಕುಸಿದರೆ ಕಮಾನಿಗೆ ಇನ್ನೆರಡು ಪಟ್ಟಿ ಸೇರಿಸಿ ಕಳುಹಿಸುತ್ತಾರೆ. ಆ ಮೇಸ್ತ್ರಿಗಳ ಕೈಚಳಕವನ್ನು ನಾವು ಹಳಿಯುತ್ತಿಲ್ಲ. ಗಿರಾಕಿ ಕೇಳಿದ್ದನ್ನು ಅವರು ಮಾಡಿಕೊಡುತ್ತಾರೆ, ತೂಕವನ್ನು ಗಿರಾಕಿ ಕೇಳಲಿಲ್ಲ.

ನಮ್ಮ ದೇಶದಲ್ಲಿಯೂ ಕಾನೂನಿಗೆ ಕೊರತೆಯಿಲ್ಲ. ನೋಂದಣಿ ಪತ್ರದಲ್ಲಿ ಖಾಲಿ ತೂಕವೂ ಒಟ್ಟು ತೂಕದ ಮಿತಿಯೂ ನಮೂದಾಗಿವೆ. ಮೋಟಾರು ವಾಹನಗಳ ಕಾನೂನಿಗೆ 2019ರಲ್ಲಿ ಆದ ತಿದ್ದುಪಡಿಯ ಮೇರೆಗೆ ಮಿತಿ ಮೀರಿದ ಭಾರಕ್ಕೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ತಯಾರಕರು ಗೊತ್ತುಮಾಡಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಜನವರಿಯಲ್ಲಿ ಹೇಳಿದೆ. ಆದರೆ ಭಾರದ ದಂಡ ಬೀಳುವುದು ಗಾಡಿ ನಡೆಸಿದವನಿಗೆ ಮತ್ತು ನಡೆಸಗೊಟ್ಟವನಿಗೆ; ಅದೂ ರಸ್ತೆಯಲ್ಲಿ ಸಿಕ್ಕಿಬಿದ್ದರೆ. ಬಾಡಿ ಕಟ್ಟಿದವನ ಬಾಗಿಲಿಗೂ ಸಾಲ ಕೊಟ್ಟವನ ಮೇಜಿಗೂ ಆ ಕಲಮು ಬರುವುದಿಲ್ಲ. (ಪ್ರಸಂಗವಶಾತ್ ಒಂದು ಮಾತು: 2018ರ ಜುಲೈಯಲ್ಲಿ ಕೇಂದ್ರ ಸರಕಾರವು ದೊಡ್ಡ ಲಾರಿಗಳ ಅಚ್ಚಿನ ಭಾರದ ಮಿತಿಯನ್ನು ಶೇಕಡಾ 20ರಿಂದ 25ರವರೆಗೆ ಏರಿಸಿದಾಗ, ತಮ್ಮ ಪಿಕಪ್ಪಿಗೂ ಅಷ್ಟು ಸಲಿಗೆ ದೊರೆಯಿತೆಂದು ತಿಳಿದವರಿದ್ದರು. ಕಾಗದದ ಅಂಕಿ ಏರಿದರೆ ಹಳೆಯ ಉಕ್ಕು ದಪ್ಪವಾಗುವುದಿಲ್ಲ.) ಕೇರಳವು 2021ರಲ್ಲಿ ಕ್ಯಾರವಾನ್ ಪ್ರವಾಸವನ್ನು ಪ್ರೋತ್ಸಾಹಿಸುವ ಯೋಜನೆ ಹೊರಡಿಸಿದ ಮೇಲೆ ಚಕ್ರದ ಮೇಲಿನ ಮನೆಗಳ ಆಸೆ ನಮ್ಮಲ್ಲಿಯೂ ಚಿಗುರಿದೆ. ಸಿದ್ಧ ವಾಹನ ಕೊಳ್ಳುವಷ್ಟು ಹಣವಿಲ್ಲದವರು ಪಿಕಪ್ಪಿನ ಮೇಲೆ ಹಲಗೆ ತಗಡುಗಳ ಕೋಣೆ ಕಟ್ಟಿಸಲು ಹೊರಟರೆ ಆಶ್ಚರ್ಯವಿಲ್ಲ.

ಹೊಣೆ ಯಾರದೆಂಬ ಪ್ರಶ್ನೆಗೆ ನಮ್ಮ ಉತ್ತರ ಹೀಗಿದೆ. ಗೊತ್ತಿದ್ದೂ ಹೇರಿದವನ ಪರವಾಗಿ ನಾವು ವಾದಿಸುವುದಿಲ್ಲ. ಹೆದ್ದಾರಿಯಲ್ಲಿ ಅವನ ಹಿಂದೆ ಬರುವ ಸ್ಕೂಟರಿನವನ ಜೀವವೂ ಜೀವವೇ. ಆದರೆ ಗೊತ್ತಾಗುವ ಸಂದರ್ಭವನ್ನೇ ಯಾರೂ ಒದಗಿಸದೆ, ಮುರಿದ ಮೇಲೆ ಅಪರಾಧಿಯೆನ್ನುವುದು ನ್ಯಾಯವಲ್ಲ. ತೂಕವು ತಿಳಿಯಬೇಕಾದದ್ದು ಹಣ ಕೈಬದಲಾಗುವ ಮುಂಚೆ. ದಂಡ ಹಾಕುವ ಅಧಿಕಾರಿ ಕಡೆಯಲ್ಲಿ ಬರುತ್ತಾನೆ. ಸಾಲ ಕೊಡುವವನು ಮೊದಲೇ ಇರುತ್ತಾನೆ. ಈ ಕಾರಣದಿಂದಲೇ ನಮ್ಮ ದೃಷ್ಟಿ ಸರಕಾರಕ್ಕಿಂತ ಮುಂಚೆ ನಮ್ಮವರ ಸಹಕಾರಿ ಬ್ಯಾಂಕುಗಳ ಮತ್ತು ಪತಸಂಸ್ಥೆಗಳ ಕಡೆಗೆ ತಿರುಗುತ್ತದೆ. ಊರಿನಿಂದ ಬರಿಗೈಯಲ್ಲಿ ಬಂದು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗನಿಗೆ ಮೊದಲ ಸಾಲ ಕೊಟ್ಟು ಅಂಗಡಿಯ ಮಾಲಿಕನನ್ನಾಗಿ ಮಾಡಿದ ಕೀರ್ತಿ ಅವುಗಳದು. ವಾಹನದ ಸಾಲಕ್ಕೆ ಅವು ಜಾಮೀನುದಾರರ ಸಹಿ ಕೇಳುತ್ತವೆ, ವಿಮೆಯ ಪತ್ರ ಕೇಳುತ್ತವೆ, ಬಾಡಿ ಕಟ್ಟುವವನ ದರಪಟ್ಟಿ ಕೇಳುತ್ತವೆ. ಇನ್ನೊಂದು ಕಾಗದವನ್ನೂ ಕೇಳಲೆಂಬುದು ನಮ್ಮ ಸೂಚನೆ.

ಬಾಡಿ ಕಟ್ಟಿ ಮುಗಿದ ಮೇಲೆ, ಕೊನೆಯ ಕಂತಿನ ಹಣ ಕೊಡುವ ಮುಂಚೆ, ಗಾಡಿಯನ್ನು ನೀರು, ಸಿಲಿಂಡರು, ಪಾತ್ರೆ, ಆಳುಗಳ ಸಮೇತ ಲಾರಿ ತೂಗುವ ಕಾಟಾದ ಮೇಲೆ ನಿಲ್ಲಿಸಿ ತೂಕದ ಚೀಟಿ ತರಬೇಕು. ಒಟ್ಟು ತೂಕ ಒಂದನ್ನೇ ನೋಡಿದರೆ ಸಾಲದು. ಮುಂದಿನ ಅಚ್ಚನ್ನು ಮಾತ್ರ ಕಾಟಾದ ಮೇಲೇರಿಸಿ ಒಮ್ಮೆ, ಹಿಂದಿನದನ್ನು ಮಾತ್ರ ಏರಿಸಿ ಇನ್ನೊಮ್ಮೆ ತೂಗಿದರೆ ಮುಂಭಾರ ಹಿಂಭಾರಗಳೆರಡೂ ಗೊತ್ತಾಗುತ್ತವೆ. ನೋಂದಣಿ ಪತ್ರದ ಅಂಕಿಯನ್ನು ಮೀರಿದ್ದರೆ ಕಂತು ತಡೆಯಲಿ. ಗ್ಯಾರೇಜಿನವನು ಹಗುರಾದ ತಗಡು ಹಾಕಿ, ಪೀಪಾಯಿಯನ್ನು ಅಚ್ಚಿನ ಮುಂದಕ್ಕೆ ಸರಿಸಿ ಮತ್ತೆ ತೂಗಿಸಲಿ. ಹಣ ನಿಂತರೆ ಮೇಸ್ತ್ರಿಗೂ ತೂಕದ ವಿದ್ಯೆ ಬೇಗ ಬರುತ್ತದೆ. ಇದರಿಂದ ಸಾಲಗಾರನಿಗೆ ಆಗುವ ಖರ್ಚು ಒಂದು ಸಂಜೆಯ ದೋಸೆ ಮಾರಾಟದ ಸಣ್ಣದೊಂದು ಪಾಲು. ಬ್ಯಾಂಕಿಗೂ ಇದರಲ್ಲಿ ಸ್ವಾರ್ಥವಿದೆ: ಚಾಸಿಸ್ ಮುರಿದ ಗಾಡಿಯನ್ನು ಜಪ್ತಿ ಮಾಡಿ ಪಡೆಯುವುದು ಗುಜರಿಯ ಬೆಲೆಯನ್ನಷ್ಟೇ.

ಈಗಾಗಲೇ ಗಾಡಿ ಓಡಿಸುತ್ತಿರುವವರಿಗೆ ಹೇಳುವುದು ಸ್ವಲ್ಪವೇ. ಬೆಳಕಿರುವಾಗ ಗಾಡಿಯ ಕೆಳಗೆ ಬಗ್ಗಿ, ಚಾಲಕನ ಕೋಣೆಯ ಹಿಂದೆ ಮತ್ತು ಕಮಾನುಪಟ್ಟಿ ಸೇರುವ ಜಾಗಗಳಲ್ಲಿ ತೊಲೆಯನ್ನು ಬಟ್ಟೆಯಿಂದ ಒರಸಿ ನೋಡಬೇಕು. ಬಣ್ಣ ಸೀಳಿದ ಗೆರೆ, ಅದರಿಂದ ಇಳಿದ ತುಕ್ಕಿನ ಕಲೆ, ಕೋಣೆಗೂ ಬಾಡಿಗೂ ನಡುವಣ ಸಂದು ಮೇಲ್ಗಡೆ ಅಗಲವಾಗಿ ಕೆಳಗಡೆ ಕಿರಿದಾಗಿರುವುದು, ಇವುಗಳಲ್ಲಿ ಯಾವುದು ಕಂಡರೂ ಅಂದಿನ ವ್ಯಾಪಾರ ನಿಲ್ಲಿಸುವುದು ಲೇಸು. ರಸ್ತೆಬದಿಯ ವೆಲ್ಡಿಂಗಿನಿಂದ ಆ ಬಿರುಕು ಮುಚ್ಚಿದಂತೆ ಕಾಣುತ್ತದೆ, ಪಕ್ಕದಲ್ಲಿ ಮತ್ತೆ ಬಾಯಿ ಬಿಡುತ್ತದೆ. ನೀರನ್ನು ಮನೆಯಿಂದಲೇ ತುಂಬಿ ಒಯ್ಯುವ ಬದಲು ವ್ಯಾಪಾರದ ಜಾಗಕ್ಕೆ ಹೋಗಿ ತುಂಬಿಕೊಂಡರೂ ಎಷ್ಟೋ ಭಾರ ಇಳಿದಂತೆ.

ಮುಂಬಯಿ, ಪುಣೆಗಳಲ್ಲಿ ನಮ್ಮವರು ನಡೆಸುವ ಬ್ಯಾಂಕು ಮತ್ತು ಪತಸಂಸ್ಥೆಗಳ ನಿರ್ದೇಶಕ ಮಹನೀಯರು ಮುಂದಿನ ಸಭೆಯಲ್ಲಿ ಈ ತೂಕದ ಚೀಟಿಯ ವಿಚಾರವನ್ನು ಕಾರ್ಯಕ್ರಮಕ್ಕೆ ಸೇರಿಸಿಕೊಳ್ಳಬೇಕೆಂದು ಕೋರುತ್ತೇವೆ. ಒಪ್ಪಲಿ, ಒಪ್ಪದಿರಲಿ, ಅವರಿಂದ ಬರುವ ಉತ್ತರಕ್ಕೆ ಇದೇ ಪುಟದಲ್ಲಿ ಸ್ಥಳವಿರುತ್ತದೆ.